ನಾನೇ ಅಳಿಸಿದ ಸದ್ದು

ದೆವ್ವ, ಆತ್ಮ, ಸತ್ತವರು ಬಂದು ಮಾತಾಡಿಸಿದರು ಎನ್ನುವ ಕತೆ ಯಾರ ಬಾಯಲ್ಲಿ ಬಂದರೂ ನನಗೆ ಮೈ ಉರಿಯುತ್ತಿತ್ತು. ಕೋಲ್ಕತ್ತದಲ್ಲಿ ಹೋಟೆಲು ನಡೆಸುವವನಿಗೆ ಇಂಥ ಕತೆಗಳಿಗೇನೂ ಬರವಿಲ್ಲ. ಮಳೆ ಹಿಡಿದು ಗಿರಾಕಿಗಳು ಹೊರಗೆ ಹೋಗಲಾರದೆ ಕೂತರೆ ಸಾಕು, ಎರಡನೆಯ ಕಾಫಿ ಮುಗಿಯುವಷ್ಟರಲ್ಲಿ ಯಾರದೋ ಅಜ್ಜನ ಮನೆಯ ಮೆಟ್ಟಿಲ ಮೇಲೆ ಯಾರೋ ನಡೆದ ಸದ್ದು ಶುರುವಾಗುತ್ತದೆ. ನಾನು ಗಲ್ಲಾದಲ್ಲಿ ಕೂತು, "ಇಲಿ ಇರಬೇಕು ದಾದಾ" ಎಂದು ಹೇಳಿ ಅವರ ಉತ್ಸಾಹಕ್ಕೆ ನೀರು ಹಾಕುತ್ತಿದ್ದೆ. ಅದರಲ್ಲಿ ನನಗೊಂದು ಖುಷಿಯೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಆದ್ದರಿಂದ ಈಗ ನಾನು ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ಇಲಿಯ ಮೇಲೆಯೇ ಹಾಕುತ್ತಿದ್ದೆ. ಮೂರು ವರ್ಷದ ಹಿಂದೆ ಒಂದು ಶನಿವಾರ, ಹಾಡುಹಗಲು ಮೂರೂವರೆಯ ಹೊತ್ತಿಗೆ ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬಣ್ಣ ಹಚ್ಚಿ ಹೇಳುವುದು ನನಗೆ ಬರುವುದೂ ಇಲ್ಲ.

ನಮ್ಮ ಮೂಲ ಕುಂದಾಪುರದ ಕಡೆ. ಅಪ್ಪಯ್ಯ ಹದಿನೆಂಟನೆಯ ವಯಸ್ಸಿಗೆ ಇಲ್ಲಿಗೆ ಬಂದು, ಬೇರೆಯವರ ಹೋಟೆಲಿನಲ್ಲಿ ಲೋಟ ತೊಳೆದು, ದೋಸೆ ಹೊಯ್ದು, ಕೊನೆಗೆ ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಹತ್ತಿರ ಆರು ಮೇಜಿನ ಸ್ವಂತ ಹೋಟೆಲು ಇಟ್ಟರು. ಕೆಳಗೆ ಹೋಟೆಲು, ಮೇಲೆ ಮನೆ. ನಾನು ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ಮನೆಯ ಒಳಗೆ ಕುಂದಾಪುರ, ಮೆಟ್ಟಿಲಿಳಿದರೆ ಬಂಗಾಳ.

ಅಪ್ಪಯ್ಯನದು ಒಂದೇ ಕಟ್ಟುಪಾಡು. ಕೊನೆಯ ಗಿರಾಕಿ ಕೈ ತೊಳೆದು ಹೋಗುವವರೆಗೆ ಅವರು ಊಟಕ್ಕೆ ಕೂರುತ್ತಿರಲಿಲ್ಲ. ಹಸಿದ ಜನ ಎದುರಿಗಿರುವಾಗ ಹೋಟೆಲಿನವನು ಉಣ್ಣಬಾರದು ಎನ್ನುವುದು ಅವರ ಲೆಕ್ಕ. ಮೂರೂವರೆಗೆ ಕೆಳಗೆ ಬೆಂಚು ಒರೆಸಿ ಆದ ಮೇಲೆ ಅಮ್ಮ ಮೆಟ್ಟಿಲ ಬಾಗಿಲಿಗೆ ಬಂದು ಕರೆಯುತ್ತಿದ್ದಳು. "ಹ್ವಾಯ್, ಎಲ್ಲರದ್ದೂ ಆಯ್ತ್, ಉಂಬುಕ್ ಬನ್ನಿ." ನಲವತ್ತು ವರ್ಷ ದಿನಾ ಇದೇ ಮಾತು, ಇದೇ ರಾಗ. ಗಂಡನ ಹೆಸರು ಹಿಡಿಯುವ ಪೈಕಿಯವಳಲ್ಲ ಅವಳು. ಆ "ಹ್ವಾಯ್" ಅಪ್ಪಯ್ಯನ ಹೆಸರೇ ಆಗಿತ್ತು. ಅದು ಕಿವಿಗೆ ಬಿದ್ದರೆ ಅವರು "ಬಂದೆ" ಎಂದು ಎದ್ದುಬಿಡುತ್ತಿದ್ದರು.

ಅಮ್ಮ ಹೋಗಿ ಎರಡು ವರ್ಷವಾಗುವ ಹೊತ್ತಿಗೆ ಅಪ್ಪಯ್ಯನಿಗೆ ಮರೆವು ಹತ್ತಿತು. ಮೊದಲು ಚಿಲ್ಲರೆ ಕೊಡುವುದನ್ನು ಮರೆತರು, ಆಮೇಲೆ ದಾರಿ ಮರೆತರು, ಆಮೇಲೆ ಅಮ್ಮ ಸತ್ತದ್ದನ್ನೇ ಮರೆತರು. ಇದೆಲ್ಲ ಹೇಗೋ ನಡೆಯುತ್ತಿತ್ತು. ಆದರೆ ಒಂದು ದಿನ ತಟ್ಟೆ ಎದುರಿಗಿಟ್ಟಾಗ ಪಕ್ಕಕ್ಕೆ ಸರಿಸಿ, "ಜನ ಎಲ್ಲಾ ಉಂಡ್ ಆಯ್ತಾ?" ಎಂದು ಕೇಳಿದರು. ಆಯ್ತು ಅಂದೆ. ಅವರು ಕಿಟಕಿ ಕಡೆ ಕೈ ತೋರಿಸಿದರು. ನಮ್ಮ ಕಿಟಕಿಯಿಂದ ಸ್ಟೇಷನ್ನಿನ ರಸ್ತೆ ಕಾಣುತ್ತದೆ. ಲೋಕಲ್ ರೈಲು ಬಂದಾಗಲೆಲ್ಲ ಆ ರಸ್ತೆಯಲ್ಲಿ ನೂರಾರು ಜನ ಇಳಿದು ಬರುತ್ತಾರೆ. "ಇಷ್ಟ್ ಜನ ಇತ್ತಲ್ಲ ಮಾರಾಯಾ, ನಾ ಹ್ಯಾಂಗ್ ಉಂಬುದ್?" ಎಂದರು ಅಪ್ಪಯ್ಯ.

ಆವತ್ತು ನಗು ಬಂತು. ಮೂರನೆಯ ದಿನಕ್ಕೆ ನಗು ನಿಂತಿತು. ಕಿಟಕಿ ಮುಚ್ಚಿದೆವು, ಪರದೆ ಹಾಕಿದೆವು. ರೈಲಿನ ಸದ್ದು ಕೇಳಿದರೂ ಸಾಕು, ಅವರಿಗೆ ಜನ ಬಂದರು ಅನ್ನಿಸಿಬಿಡುತ್ತಿತ್ತು. ಒತ್ತಾಯ ಮಾಡಿ ಬಾಯಿಗಿಟ್ಟರೆ ಹಲ್ಲು ಕಚ್ಚುತ್ತಿದ್ದರು. ನಾವು ಬಿಟ್ಟುಬಿಟ್ಟಾಗ ಬಾಗಿಲ ಕಡೆ ನೋಡಿ, "ನಿನ್ನಮ್ಮ ಕರೀಲಿ, ಬತ್ತೆ" ಎನ್ನುತ್ತಿದ್ದರು. ಎರಡು ಗುಟುಕು ಮಜ್ಜಿಗೆ, ಕಾಲು ಲೋಟ ಗಂಜಿ ತಿಳಿ. ಅಷ್ಟರಲ್ಲೇ ಒಂಬತ್ತು ದಿನ.

ನನ್ನ ಹೆಂಡತಿ ಗಿರಿಜಾ ಧಾರವಾಡದವಳು. ಯಾವುದಕ್ಕೂ ಎದೆಗುಂದುವವಳಲ್ಲ. ಅತ್ತೆ ಕರೆದ ಹಾಗೆ ನಾನೇ ಕರೆದು ನೋಡುತ್ತೇನೆ ಎಂದು ಹೊರಟಳು. ಬಾಗಿಲ ಹಿಂದೆ ನಿಂತು, ಸೆರಗಿನ ಮರೆಯಲ್ಲಿ, "ಹ್ವಾಯ್, ಎಲ್ಲಾರ್ದೂ ಆತು, ಊಟಕ್ಕ ಬರ್ರಿ" ಎಂದಳು. ಅಪ್ಪಯ್ಯ ಅವಳ ಕಡೆ ಪ್ರೀತಿಯಿಂದ ನೋಡಿ, "ನೀ ಉಂಡ್ಯಾ ಮಗಾ?" ಎಂದು ಕೇಳಿದರು. ಅವಳು ಅಡುಗೆಮನೆಗೆ ಹೋಗಿ ಅತ್ತಳು. ಹದಿಮೂರು ವರ್ಷದ ಸಂಸಾರದಲ್ಲಿ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಅಲಿಪುರದಿಂದ ಬಂದು ನೋಡಿದ ಡಾಕ್ಟರು ಗುರುವಾರ ಹೇಳಿದರು: ಶನಿವಾರ ಸಂಜೆಯವರೆಗೆ ನೋಡೋಣ, ಅಷ್ಟರಲ್ಲಿ ಉಣ್ಣದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ನಳಿಕೆ ಹಾಕಲೇಬೇಕು. ಇಂಥ ರೋಗಿಗಳು ನಳಿಕೆಯನ್ನು ಕಿತ್ತುಹಾಕುತ್ತಾರೆ, ಹಾಗಾಗಿ ಕೈಗಳನ್ನು ಮಂಚಕ್ಕೆ ಕಟ್ಟಬೇಕಾಗುತ್ತದೆ. ಒಳ್ಳೆಯ ಮನುಷ್ಯ, ಮೆತ್ತಗೆ ಹೇಳಿದರು. ನನಗೆ ಕೇಳಿಸಿದ್ದು ಕೈ ಕಟ್ಟುವ ಮಾತು ಒಂದೇ. ಎಷ್ಟು ಸಾವಿರ ಜನಕ್ಕೆ ಬಡಿಸಿದ ಕೈಗಳು ಅವು! ಅವನ್ನು ಮಂಚಕ್ಕೆ ಕಟ್ಟಿ ಹೊಟ್ಟೆಗೆ ಹಾಲು ಸುರಿಯುವುದನ್ನು ನಾನು ನಿಂತು ನೋಡಬೇಕೇ? ಗುರುವಾರ ರಾತ್ರಿ ನಾನು ಒಂದು ತುತ್ತೂ ನುಂಗಲಿಲ್ಲ.

ಶುಕ್ರವಾರ ಬೆಳಿಗ್ಗೆ ನನಗೆ ವಿಡಿಯೋ ನೆನಪಾಯಿತು.

ಅಮ್ಮನಿಗೆ ಕ್ಯಾಮೆರಾ ಅಂದರೆ ಆಗದು. ಮೊಬೈಲು ಎತ್ತಿದರೆ ಸಾಕು, ಒಳಗೆ ಹೋಗಿಬಿಡುತ್ತಿದ್ದಳು. ಅವಳ ದನಿ ಇರುವ ಒಂದು ತುಣುಕೂ ನಮ್ಮ ಹತ್ತಿರ ಇರಲಿಲ್ಲ. ಆದರೆ ತಂಗಿಯ ಮದುವೆಯಲ್ಲಿ ನಾನೇ ಕ್ಯಾಮೆರಾ ಹಿಡಿದು ಓಡಾಡಿದ್ದೆ. ದಕ್ಷಿಣೇಶ್ವರದ ಹತ್ತಿರ, ನದಿಯ ಪಕ್ಕದ ಒಂದು ಮದುವೆ ಮನೆ. ನಮ್ಮ ಮನೆಯ ಮದುವೆಗೆ ನಾವೇ ಅಡುಗೆ. ಕೊನೆಯ ಪಂಕ್ತಿ ಎದ್ದ ಮೇಲೆ ಅಮ್ಮ ಊಟದ ಹಾಲಿನ ಬಾಗಿಲಿಗೆ ಬಂದು ಅಪ್ಪಯ್ಯನನ್ನು ಕರೆದದ್ದು ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ಮದುವೆಯ ದಿನವೂ ಅದೇ ಹ್ವಾಯ್, ಅದೇ ಉಂಬುಕ್ ಬನ್ನಿ. ಅದು ಕ್ಯಾಮೆರಾದಲ್ಲಿ ಸಿಕ್ಕಿತ್ತು. ನನಗೆ ಖಾತ್ರಿ ಇತ್ತು.

ಸಂಬಂಧಿಕರಿಗೆಲ್ಲ ಹಂಚಿದ ಮದುವೆ ಡಿಸ್ಕು ಮನೆಯಲ್ಲಿತ್ತು. ಆದರೆ ಅದು ಪ್ರಯೋಜನಕ್ಕೆ ಬಾರದು ಎಂದು ನನಗೆ ಗೊತ್ತು. ಅದನ್ನು ಕತ್ತರಿಸಿ ಜೋಡಿಸಿದವನೂ ನಾನೇ. ಆಗ ಎಲ್ಲರೂ ಮಾಡುತ್ತಿದ್ದ ಹಾಗೆ, ಮೊದಲಿಂದ ಕೊನೆಯವರೆಗೆ ನಾಗಸ್ವರ, ನಡುವೆ ಒಂದೆರಡು ಸಿನಿಮಾ ಹಾಡು. ಅದರಲ್ಲಿ ಅಮ್ಮ ಬಾಯಿ ತೆರೆದರೆ ನಾಗಸ್ವರ ಬರುತ್ತದೆ. ಆದರೆ ಮೂಲ ಫೈಲುಗಳು ಜಗಲಿಯ ಹಳೆಯ ಕಂಪ್ಯೂಟರಿನಲ್ಲಿ ಇದ್ದೇ ಇವೆ ಎಂಬ ಧೈರ್ಯ ನನಗೆ.

ಇದ್ದವು. ನಲವತ್ತೊಂದು ಫೈಲು. ಪೆನ್‌ಡ್ರೈವಿಗೆ ಹಾಕಿ ಅಪ್ಪಯ್ಯನ ಕೋಣೆಯ ಟೀವಿಗೆ ಚುಚ್ಚಿದೆ, ಈ ಫೈಲು ತೆರೆಯಲಾಗದು ಅಂತು ಟೀವಿ. ಮೊಬೈಲು ಅವನ್ನು ಫೈಲೆಂದೇ ಒಪ್ಪಲಿಲ್ಲ. ಹಳೆಯ ಕಾಲದ ಫಾರ್ಮ್ಯಾಟು, ಅದನ್ನು ನಡೆಸುತ್ತಿದ್ದ ಸಾಫ್ಟ್‌ವೇರು ಎಂದೋ ಅಳಿಸಿಹೋಗಿತ್ತು. ಇರಲಿ, ಬದಲಾಯಿಸಿದರಾಯಿತು ಎಂದು ಒಂದು ಕನ್ವರ್ಟರ್ ಇಳಿಸಿಕೊಂಡು ಕೂತೆ. ಹೋಟೆಲನ್ನು ಅಡುಗೆಯವನ ಕೈಗೆ ಬಿಟ್ಟು, ಬೆಳಿಗ್ಗೆ ಹತ್ತರಿಂದ ಆ ಮುದಿ ಕಂಪ್ಯೂಟರಿನ ಎದುರು ಕೂತೆ.

ಹಳೆಯ ಕಂಪ್ಯೂಟರಿನಲ್ಲಿ ವಿಡಿಯೋ ಬದಲಾಯಿಸುವುದು ಎಂದರೆ ಏನೆಂದು ಮಾಡಿದವರಿಗೇ ಗೊತ್ತು. ಒಂದು ಫೈಲಿಗೆ ಐವತ್ತು ನಿಮಿಷ. ಶೇಕಡಾ ಹನ್ನೆರಡು, ಹದಿಮೂರು ಎಂದು ಏರುತ್ತಾ ಹೋಗುತ್ತದೆ. ಫ್ಯಾನು ಬುಸುಗುಡುತ್ತದೆ. ತೊಂಬತ್ತೊಂಬತ್ತಕ್ಕೆ ಬಂದು ನಿಲ್ಲುತ್ತದೆ, ಆಮೇಲೆ ಒಂದು ಕೆಂಪು ಗೆರೆ, ಆಗಲಿಲ್ಲ ಎಂದು. ಪುನಃ ಮೊದಲಿಂದ. ಅಷ್ಟರಲ್ಲಿ ಕರೆಂಟು ಹೋಯಿತು. ಪಕ್ಕದ ಕೋಣೆಯಿಂದ ಗಂಟೆಗೊಮ್ಮೆ, "ಜನ ಉಂಡ್ ಆಯ್ತಾ?" ನನಗೆ ಕಂಪ್ಯೂಟರನ್ನು ಎತ್ತಿ ರಸ್ತೆಗೆ ಬಿಸಾಡುವಷ್ಟು ಸಿಟ್ಟು. ಅದರ ಮೇಲೆ ಕೈಯಿಟ್ಟು, ಮಾಡು ಮಾರಾಯ, ಒಂದು ಮಾಡು, ಎಂದು ಬೇಡಿಕೊಂಡದ್ದೂ ಉಂಟು. ನಗಬೇಡಿ. ಆವತ್ತು ನಾನು ಯಾರನ್ನು ಬೇಕಾದರೂ ಬೇಡುವ ಸ್ಥಿತಿಯಲ್ಲಿದ್ದೆ.

ಸಂಜೆ ಐದಕ್ಕೆ ಅಂತೂ ಬೇಕಾದ ಫೈಲೇ ತೆರೆಯಿತು. ಊಟದ ಹಾಲು, ಎಂಜಲೆಲೆ ಎತ್ತುತ್ತಿರುವ ಹುಡುಗರು, ಬಾಗಿಲಿಗೆ ಬಂದ ಅಮ್ಮ. ಹಸಿರು ಸೀರೆ, ಹಣೆಯಲ್ಲಿ ಬೆವರು. ನೋಡಿ ನನ್ನ ಕಣ್ಣು ತುಂಬಿತು. ಅಮ್ಮ ಬಾಯಿ ತೆರೆದಳು. ಸದ್ದಿಲ್ಲ.

ಸ್ಪೀಕರಿನ ವಯರು ನೋಡಿದೆ. ಸರಿಯಿದೆ. ಹೆಡ್‌ಫೋನು ಹಾಕಿದೆ. ಇಲ್ಲ. ಕನ್ವರ್ಟರಿನಲ್ಲಿ ಏನೋ ತಪ್ಪು ಮಾಡಿದೆ ಎಂದು ಬೇರೆ ಫಾರ್ಮ್ಯಾಟಿಗೆ ಹಾಕಿದೆ, ಮತ್ತೊಂದಕ್ಕೆ ಹಾಕಿದೆ, ರಾತ್ರಿಯಿಡೀ ಕೂತು ಐದು ಥರದಲ್ಲಿ ಮಾಡಿದೆ. ಐದರಲ್ಲೂ ಅಮ್ಮ ಮೂಕಿ. ಬೆಳಗಾಗುವ ಹೊತ್ತಿಗೆ ಮೂಲ ಫೈಲಿನ ವಿವರ ತೆರೆದು ನೋಡಿದೆ. ಮೊದಲೇ ನೋಡಬೇಕಿತ್ತು, ತಲೆ ಓಡಿರಲಿಲ್ಲ. ವಿಡಿಯೋ ಎಂಬುದರ ಕೆಳಗೆ ನಾಲ್ಕು ಸಾಲು. ಆಡಿಯೋ ಎಂಬುದರ ಕೆಳಗೆ: ಇಲ್ಲ.

ಆಗ ನೆನಪಾಯಿತು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ತಂಗಿಯ ಗಂಡನ ಮನೆಯವರು ಓದಿದ ಜನ, ಪ್ರೊಫೆಸರುಗಳು. ಮದುವೆಯ ದಿನ ಕೊನೆಯ ಪಂಕ್ತಿ ಎದ್ದ ಮೇಲೆ ಒಳಗೆ ಯಾರೋ ಪಾಯಸದ ಬಕೆಟ್ಟು ಕೆಡವಿ, ಇಡೀ ಹಾಲಿಗೆ ಕೇಳುವ ಹಾಗೆ ಸದ್ದಾಯಿತು. ಹುಡುಗನ ಚಿಕ್ಕಪ್ಪ ಪಕ್ಕದವರಿಗೆ ನಗುತ್ತಾ ಏನೋ ಹೇಳಿದರು. "ಹೋಟೆಲಿನವರ ಮನೆ ಮದುವೆ ಅಲ್ವಾ" ಎಂಬ ಮಾತು ಅದರಲ್ಲಿತ್ತು. ಅಷ್ಟೇ ನನಗೆ ಕೇಳಿಸಿದ್ದು, ಅಷ್ಟು ಸಾಕಾಗಿತ್ತು. ಮನೆಗೆ ಬಂದು ವಿಡಿಯೋ ನೋಡಿದರೆ ಎಲ್ಲ ಕಡೆ ಅದೇ. ಪಾತ್ರೆ ಬಡಿಯುವುದು, "ಸಾರು ಸಾರು" ಎಂದು ಕೂಗುವುದು, ನಮ್ಮ ಅಡುಗೆ ಭಟ್ಟರ ಬೈಗುಳ, ಅಮ್ಮ ಗಂಟಲು ತೆಗೆದು ಕರೆಯುವುದು. ನನಗೆ ನಾಚಿಕೆಯಾಯಿತು. ಇದನ್ನು ಆ ಪ್ರೊಫೆಸರುಗಳ ಮನೆಗೆ ಕಳಿಸುವುದೇ? ಕ್ಯಾಮೆರಾದಿಂದ ಫೈಲುಗಳನ್ನು ಬದಲಾಯಿಸುವಾಗಲೇ ಆಡಿಯೋ ಬೇಡ ಎಂದು ಗುರುತು ಹಾಕಿದೆ. ಹೇಗೂ ನಾಗಸ್ವರ ಹಾಕುವುದಲ್ಲವೇ. ಆಮೇಲೆ ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಸದ್ದಿದ್ದ ಕ್ಯಾಮೆರಾದ ಫೈಲುಗಳನ್ನು ಅಳಿಸಿದೆ. ಹೋಟೆಲಿನಿಂದಲೇ ಹೊಟ್ಟೆ ತುಂಬಿಸಿಕೊಂಡವನು ಹೋಟೆಲಿನ ಸದ್ದು ಯಾರಿಗೂ ಕೇಳಬಾರದೆಂದು ಒಂದು ಗುಂಡಿ ಒತ್ತಿದ್ದೆ, ಅದರಲ್ಲಿ ಅಮ್ಮನ ದನಿಯೂ ಹೋಗಿತ್ತು.

ಶನಿವಾರ ಬೆಳಿಗ್ಗೆ, ಅಳಿಸಿದ್ದನ್ನು ವಾಪಸು ತರುವ ಸಾಫ್ಟ್‌ವೇರು ಹಾಕಿ ನೋಡಿದೆ. ಅಷ್ಟು ವರ್ಷದ ಹಿಂದಿನದು ಎಲ್ಲಿ ಸಿಗಬೇಕು. ತಂಗಿಗೆ ಫೋನು ಮಾಡಿದೆ, ಅವಳ ಹತ್ತಿರವೂ ನಾಗಸ್ವರದ ಡಿಸ್ಕು ಒಂದೇ. ಹನ್ನೆರಡು ಗಂಟೆಗೆ ಗಿರಿಜಾ ನನ್ನ ಪಕ್ಕಕ್ಕೆ ಬಂದು ನಿಂತಳು. ನಾನು ಎಲ್ಲ ಹೇಳಿದೆ. ಆಡಿಯೋ ನಾನೇ ತೆಗೆದದ್ದು ಎಂದೆ. ಯಾಕೆ ಎಂದು ಕೇಳಿದಳು, ಜಾಗ ಸಾಲದೆ ಎಂದು ಸುಳ್ಳು ಹೇಳಿದೆ. ಅವಳ ಎದುರು ನಾಚಿಕೆಯ ಮಾತು, ಬಕೆಟ್ಟಿನ ಮಾತು ಬಾಯಿಗೆ ಬರಲಿಲ್ಲ. ಇದನ್ನು ನೀವು ಸ್ವಲ್ಪ ನೆನಪಿಡಬೇಕು.

"ಹೋಗ್ಲಿ ಬಿಡ್ರಿ," ಎಂದಳು. "ಮಾರಿನಾರ ತೋರಸ್ರಿ. ಮಾರಿ ನೋಡಿದ್ರ ಉಣತಾರೋ ಏನೋ. ಸಂಜಿಗಿ ಹೆಂಗೂ ಡಾಕ್ಟರು ಬರತಾರ."

ಮುಖ ನೋಡಿ ಏನು ಉಪಯೋಗ ಎಂದು ನನಗೆ ಅನ್ನಿಸಿತು. ಅಮ್ಮನ ಫೋಟೋ ಅವರ ತಲೆಯ ಮೇಲೇ ಗೋಡೆಯಲ್ಲಿತ್ತು. ಅದಕ್ಕೆ ಎದ್ದಿರಲಿಲ್ಲ, ಇದಕ್ಕೆ ಏಳುತ್ತಾರೆಯೇ. ಆದರೂ ಬೇರೇನೂ ಉಳಿದಿರಲಿಲ್ಲ. ಬದಲಾಯಿಸಿದ ಐದರಲ್ಲಿ ಟೀವಿ ಒಪ್ಪಿದ್ದು ಒಂದನ್ನು. ಅದನ್ನು ಪೆನ್‌ಡ್ರೈವಿಗೆ ಹಾಕಿದೆ. ಮೂರೂವರೆಗೆ ಅಪ್ಪಯ್ಯನ ಮಂಚದ ಎದುರು ಮಣೆ ಹಾಕಿ, ಬಾಳೆಯೆಲೆ ಹಾಕಿ, ಅನ್ನ, ಸಾರು, ಹುರುಳಿಕಾಯಿ ಪಲ್ಯ ಬಡಿಸಿಟ್ಟು ಗಿರಿಜಾ ಹಪ್ಪಳ ಕರಿಯಲು ಅಡುಗೆಮನೆಗೆ ಹೋದಳು. ಅಡುಗೆಮನೆ ಹಿಂದುಗಡೆ, ನಡುವೆ ಒಂದು ಕೋಣೆ. ಅಲ್ಲಿಂದ ಟೀವಿ ಕಾಣುವುದಿಲ್ಲ. ನಾನು ವಿಡಿಯೋ ಹಾಕಿದೆ.

ಅಪ್ಪಯ್ಯ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಟೀವಿಯಲ್ಲಿ ಹುಡುಗರು ಎಲೆ ಎತ್ತುತ್ತಿದ್ದರು. ಕೋಣೆಯಲ್ಲಿ ಮೇಲಿನ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅಮ್ಮ ಬಾಗಿಲಿಗೆ ಬಂದಳು, ಬಾಯಿ ಆಡಿಸಿದಳು.

"ಬಂದೆ ಬಂದೆ," ಎಂದರು ಅಪ್ಪಯ್ಯ.

ಕಣ್ಣು ಇನ್ನೂ ಮುಚ್ಚಿಯೇ ಇತ್ತು. ಇದನ್ನು ನಾನು ಎಷ್ಟು ಸಲ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ. ಅವರು ಪರದೆ ನೋಡಿರಲಿಲ್ಲ. "ಬಂದೆ" ಎಂದ ಮೇಲೆ ಕಣ್ಣು ಬಿಟ್ಟು, ಮಂಚದ ಅಂಚು ಹಿಡಿದು ತಾವೇ ಇಳಿದರು. ನಿನ್ನೆಯವರೆಗೆ ಇಬ್ಬರು ಎತ್ತಬೇಕಿದ್ದ ಮನುಷ್ಯ. ಮಣೆಯ ಮೇಲೆ ಕೂತು, ಎಲೆಯ ಸುತ್ತ ನೀರು ಬಿಟ್ಟು, ಅನ್ನಕ್ಕೆ ಕೈ ಹಾಕಿದರು. ನಾನು ರಿಮೋಟು ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದೆ.

ಅಷ್ಟರಲ್ಲಿ ಗಿರಿಜಾ ಜಾಲರಿ ಸೌಟು ಹಿಡಿದುಕೊಂಡೇ ಓಡಿ ಬಂದಳು. ಸೌಟಿನಿಂದ ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಆಡಿಯೋ ಸಿಕ್ತೇನ್ರಿ?" ಎಂದಳು.

ಇಲ್ಲ ಎಂದು ತಲೆಯಾಡಿಸಿದೆ. ಅವಳು ಟೀವಿ ನೋಡಿದಳು, ಉಣ್ಣುತ್ತಿರುವ ಮಾವನನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡಳಂತೆ. "ಈಗ ಕರದ್ರಲ್ರಿ ಅತ್ತಿ. ಎಂಟು ವರ್ಷ ಆ ದನೀಲೆ ಬೈಸಿಕೊಂಡೇನಿ, ನನಗ ಗೊತ್ತಾಗಂಗಿಲ್ಲೇನು? ಕರದ್ರು, ಆಮ್ಯಾಲ ಏನೋ ದಡಲ್ ಅಂತ ಬಿತ್ತು, ಬಕೀಟು ಬಿದ್ದಂಗ. 'ಯಾರದ್' ಅಂತ ಅತ್ತಿ ಒದರಿದ್ರು."

ನಮ್ಮ ಮದುವೆಯಾದದ್ದು ತಂಗಿಯ ಮದುವೆಯ ಮರುವರ್ಷ. ಗಿರಿಜಾ ಆ ದಿನ ಅಲ್ಲಿರಲಿಲ್ಲ. ಬಕೆಟ್ಟಿನ ಸುದ್ದಿ ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ಹಾಕಿದ್ದ ವಿಡಿಯೋವನ್ನು ಹಿಂದಕ್ಕೆ ತಿರುಗಿಸಿ ನೋಡಿದೆ. ಅಮ್ಮ ಮಾತು ಮುಗಿಸುತ್ತಾಳೆ, ತಕ್ಷಣ ಬೆಚ್ಚಿ ಒಳಗಡೆ ತಿರುಗುತ್ತಾಳೆ, ಹುಡುಗರೆಲ್ಲ ಒಟ್ಟಿಗೇ ಅತ್ತ ನೋಡುತ್ತಾರೆ. ಬಕೆಟ್ಟು ಎಲ್ಲೂ ಕಾಣುವುದಿಲ್ಲ. ಸದ್ದೂ ಇಲ್ಲ. ನನ್ನ ಕಿವಿಗೆ ಫ್ಯಾನಿನ ಸದ್ದು ಒಂದೇ.

ಅಪ್ಪಯ್ಯ ಅಷ್ಟರಲ್ಲಿ ಮಜ್ಜಿಗೆಗೆ ಎಲೆಯ ಮೇಲೆ ಅನ್ನದ ಗುಂಡಿ ಮಾಡಿಕೊಂಡು ಕಾಯುತ್ತಿದ್ದರು. "ಹಪ್ಪಳ ಎಲ್ಲಿ?" ಎಂದು ಗದರಿಸಿದರು.

ಸಂಜೆ ಡಾಕ್ಟರು ಬಂದು ನೋಡಿ, ನಳಿಕೆ ಬೇಡ ಎಂದರು. ಹೇಗೆ ಉಂಡರು ಎಂದು ಕೇಳಿದರು. ಹಳೆಯ ವಿಡಿಯೋ ತೋರಿಸಿದೆವು ಎಂದೆ. ಅವರು ಮೆಚ್ಚಿಕೊಂಡರು. ಪರಿಚಿತ ಮುಖಗಳು ಇಂಥವರಿಗೆ ಒಳ್ಳೆಯದು ಎಂದರು. ಉಳಿದದ್ದನ್ನು ನಾನು ಹೇಳಲಿಲ್ಲ. ಹೇಳಿದ್ದರೆ ನನ್ನ ನಾಡಿ ಹಿಡಿಯುತ್ತಿದ್ದರು.

ನಾನು ಸುಮ್ಮನೆ ಒಪ್ಪಿಕೊಳ್ಳುವ ಜಾತಿಯಲ್ಲ. ಮರುದಿನವೇ ಪೆನ್‌ಡ್ರೈವು ತೆಗೆದುಕೊಂಡು ಸಿನಿಮಾ ಎಡಿಟಿಂಗ್ ಕೆಲಸ ಮಾಡುವ ಒಬ್ಬ ಗಿರಾಕಿಯ ಹತ್ತಿರ ಹೋದೆ. ದಿನಾ ಇಡ್ಲಿ ತಿನ್ನುವ ಋಣಕ್ಕೆ ಅವರು ಒಂದು ಗಂಟೆ ಕೂತು ತಮ್ಮ ಯಂತ್ರದಲ್ಲಿ ಆ ಫೈಲನ್ನು ಬಿಚ್ಚಿ ನೋಡಿದರು. ಸಣ್ಣ ಸದ್ದು ಇರುವುದು ಬೇರೆ, ಇದರಲ್ಲಿ ಸದ್ದಿಗೆ ಜಾಗವೇ ಇಲ್ಲ ದಾದಾ, ಬರೀ ಚಿತ್ರ, ಎಂದರು. ಗಿರಿಜಾಳನ್ನು ಎಷ್ಟು ಸಲ ಅಡ್ಡಪ್ರಶ್ನೆ ಮಾಡಿದೆನೋ ಲೆಕ್ಕವಿಲ್ಲ. ತಂಗಿ ಎಂದಾದರೂ ಬಕೆಟ್ಟಿನ ಮಾತು ಹೇಳಿರಬಹುದು ಎಂದೆ. ಇಲ್ಲ ಎಂದಳು. ಪಕ್ಕದ ಮನೆಯ ಬಂಗಾಳಿ ಹೆಂಗಸು, ನಾವು ಬೌದಿ ಎನ್ನುವವರು, ಪಾತ್ರೆ ಬೀಳಿಸಿರಬಹುದು ಎಂದೆ. "ಬೌದಿ 'ಹ್ವಾಯ್' ಅಂತಾರೇನ್ರಿ?" ಎಂದು ಕೇಳಿದಳು. ನನ್ನನ್ನು ಸಮಾಧಾನ ಮಾಡಲು ಕಟ್ಟಿ ಹೇಳಿದಳೇ ಎಂದೂ ಅನುಮಾನಿಸಿದೆ. ಅಂಥ ಸಮಾಧಾನ ಮಾಡುವ ಸ್ವಭಾವ ಅವಳದಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಗಿರಾಕಿಗಳ ಎದುರೇ ಹೇಳುವ ಹೆಂಗಸು ಅವಳು.

ಅವಳಿಗೆ ಕೇಳಿಸಿದ್ದು ಆ ಒಂದು ಸಲ. ಆಮೇಲೆ ಅಪ್ಪಯ್ಯನ ಪಕ್ಕದಲ್ಲೇ ಕೂತು ಕಿವಿಗೊಟ್ಟರೂ ಅವಳಿಗೆ ಏನೂ ಕೇಳಿಸಲಿಲ್ಲ. ಆದರೆ ಅಪ್ಪಯ್ಯನಿಗೆ ದಿನಾ ಕೇಳಿಸುತ್ತಿತ್ತು. ಏಳು ತಿಂಗಳು, ದಿನವೂ ಮೂರೂವರೆಗೆ ನಾನು ವಿಡಿಯೋ ಹಾಕುತ್ತಿದ್ದೆ, ಅವರು "ಬಂದೆ" ಎಂದು ಏಳುತ್ತಿದ್ದರು. ಪರೀಕ್ಷೆ ಮಾಡಲು ಒಂದು ದಿನ ಟೀವಿಯ ಮುಖ ಗೋಡೆಗೆ ತಿರುಗಿಸಿ ಹಾಕಿದೆ. ಆವತ್ತೂ ಎದ್ದರು. ಇನ್ನೊಂದು ದಿನ ಹಾಕಿದ ಹಾಗೆ ಮಾಡಿ ಹಾಕಲಿಲ್ಲ. ಆವತ್ತು ಏಳಲಿಲ್ಲ, ಬಾಗಿಲು ನೋಡುತ್ತಾ ಕೂತರು. ಆ ಮುಖ ನೋಡಿ ನನಗೆ ನನ್ನ ಮೇಲೇ ಅಸಹ್ಯವಾಗಿ ಪರೀಕ್ಷೆ ಬಿಟ್ಟುಬಿಟ್ಟೆ. ಚಳಿಗಾಲದಲ್ಲಿ ಒಂದು ದಿನ ಉಂಡು ಮಲಗಿದವರು ಹಾಗೇ ಹೋದರು. ಹಸಿದು ಹೋಗಲಿಲ್ಲ, ಕೈ ಕಟ್ಟಿಸಿಕೊಂಡು ಹೋಗಲಿಲ್ಲ.

ಇದನ್ನು ಓದಿದ ಮೇಲೆ ನೀವು ನನಗೆ ಏನೇನೋ ವಿವರಣೆ ಕೊಡಬಹುದು. ನಲವತ್ತು ವರ್ಷದ ಅಭ್ಯಾಸ ದೇಹದಲ್ಲೇ ಕೂತಿರುತ್ತದೆ ಅನ್ನಬಹುದು. ಗುಂಡಿ ಒತ್ತುವ ಸದ್ದು, ನನ್ನ ಉಸಿರು, ಅನ್ನದ ವಾಸನೆ, ಯಾವುದೋ ಒಂದು ಅವರಿಗೆ ಗುರುತಾಗಿರಬಹುದು. ಇದನ್ನೆಲ್ಲ ನಾನೂ ನನಗೆ ಹೇಳಿಕೊಂಡಿದ್ದೇನೆ. ಒಪ್ಪಿಯೂ ಬಿಡುತ್ತಿದ್ದೆನೋ ಏನೋ. ಒಂದು ಸಂಗತಿ ಮಾತ್ರ ಅಡ್ಡ ಬರುತ್ತದೆ. ಅದನ್ನು ಗಿರಿಜಾಗೂ ನಾನು ಹೇಳಿಲ್ಲ.

ಅಪ್ಪಯ್ಯ ಹೋಗುವುದಕ್ಕೆ ಹತ್ತು ದಿನ ಮುಂಚೆ ಇರಬೇಕು. ಗಿರಿಜಾ ಕೆಳಗೆ ಹೋಟೆಲಿನಲ್ಲಿದ್ದಳು. ನಾನು ಬಡಿಸಿ, ವಿಡಿಯೋ ಹಾಕಿ, ಗೋಡೆಗೊರಗಿ ನಿಂತೆ. ಆವತ್ತು ಬೆಳಗಿನಿಂದ ಕೆಲಸ, ನಾನೂ ಉಂಡಿರಲಿಲ್ಲ. ಅಮ್ಮ ಬಂದಳು, ಬಾಯಿ ಆಡಿಸಿದಳು. ಅಪ್ಪಯ್ಯ "ಬಂದೆ" ಎನ್ನಲಿಲ್ಲ. ನನ್ನನ್ನೇ ನೋಡುತ್ತಾ ಕೂತರು. ಆರೇಳು ತಿಂಗಳಲ್ಲಿ ಅವರು ನನ್ನನ್ನು ನಾನೆಂದು ಗುರುತಿಸಿದ್ದು ಕಡಿಮೆ. ಆವತ್ತು ಆ ಕಣ್ಣಿನಲ್ಲಿ ಪೂರ್ತಿ ಗುರುತಿತ್ತು. ಸ್ವಲ್ಪ ಸಿಟ್ಟೂ ಇತ್ತು.

"ಎಂತ ಮಾಣಿ," ಎಂದರು. "ದಿನಾ ಮೊದ್ಲ್ ನಿನ್ನೇ ಕರಿತಾ ಇತ್ತಲ್ಲ ನಿನ್ನಮ್ಮ. 'ಮಾಣಿ, ಆ ಕ್ಯಾಮ್ರಾ ಬದಿಗಿಟ್ಟ್ ಉಂಬುಕ್ ಬಾ' ಅಂತ ಅಷ್ಟ್ ಸಲ ಕರದ್ರೂ ನೀ ಎಂತಕ್ ಓ ಅಂಬುದಿಲ್ಲ?"

ಮದುವೆಯ ದಿನ ಅವಳು ನನ್ನನ್ನೂ ಕರೆದಿದ್ದಳೇ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಟೀವಿಯಲ್ಲಿ ಅಮ್ಮ ಕ್ಯಾಮೆರಾದ ಕಡೆಗೇ, ಅಂದರೆ ಅದನ್ನು ಹಿಡಿದು ನಿಂತಿದ್ದ ನನ್ನ ಕಡೆಗೇ ನೋಡುತ್ತಿದ್ದಳು. ಅಪ್ಪಯ್ಯ ಎಲೆಗೆ ಕೈ ಹಾಕದೆ ಕಾಯುತ್ತಿದ್ದರು. ನಾನು "ಓ ಅಮ್ಮ, ಬಂದೆ" ಎಂದೆ, ಅವರ ಪಕ್ಕ ಇನ್ನೊಂದು ಎಲೆ ಹಾಕಿಕೊಂಡು ಕೂತೆ. ಅವರಿಗೆ ಸಮಾಧಾನವಾಯಿತು, ಉಣ್ಣಲು ಶುರು ಮಾಡಿದರು. ನನಗೆ ಮಾತ್ರ ಆವತ್ತೂ ಏನೂ ಕೇಳಿಸಲಿಲ್ಲ, ಇವತ್ತಿನವರೆಗೂ ಕೇಳಿಸಿಲ್ಲ.